ಹನುಮನಹಳ್ಳಿ ಬಂಡೆಯ ಮೇಲೆ ಮೂರು ಸೈಕಲ್ಲು

ಸಂಕ್ರಾಂತಿ ಮುಗಿದ ವಾರ ಮೂರು ಸೈಕಲ್ಲುಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಗಂಗಾವತಿಯ ಲಾರಿ ಆಫೀಸಿಗೆ ಬಂದಿಳಿದವು. ಸೈಕಲ್ ಪತ್ರಿಕೆಯೊಂದಕ್ಕೆ ಅವನ್ನು ಜೋಡಿಸಿ, ಕಲ್ಲುದಾರಿಯಲ್ಲಿ ಓಡಿಸಿ, ಯಾವುದು ಕೊಳ್ಳುವಂಥದ್ದು, ಯಾವುದು ಅಲ್ಲ ಎಂದು ಬರೆಯುವುದು ನನ್ನ ಕೆಲಸ. ಎರಡು ಸೈಕಲ್ಲು ಹೊರಗಿನ ದೊಡ್ಡ ಕಂಪನಿಗಳವು, ಮಾರುಕಟ್ಟೆಯಲ್ಲಿ ಆಗಲೇ ಹೆಸರು ಮಾಡಿದ್ದವು. ಮೂರನೆಯದು ಹೊಸದು. ನಮ್ಮ ಕಡೆಯವರೇ ಹುಬ್ಬಳ್ಳಿಯಲ್ಲಿ ಸಣ್ಣ ಶೆಡ್ಡಿನೊಳಗೆ ಕಟ್ಟಿದ್ದು. ಮೂರೂ ಒಂದೇ ಜಾತಿಯವು: ಹಿಂದೆ ಮುಂದೆ ಸಸ್ಪೆನ್ಷನ್ ಇದ್ದರೂ ಗಾಲಿ ಹನ್ನೆರಡು ಸೆಂಟಿಮೀಟರಿನಷ್ಟೇ ಮೇಲೆ ಕೆಳಗೆ ಆಡುತ್ತದೆ. ಗುಡ್ಡ ಇಳಿಯುವುದಕ್ಕಷ್ಟೇ ಮಾಡಿದ ದೊಡ್ಡ ಸೈಕಲ್ಲಿನಂತೆ ಇವು ಸವಾರನ ತಪ್ಪನ್ನು ಮುಚ್ಚಿಹಾಕುವುದಿಲ್ಲ. ಆದರೆ ಏರು ಹತ್ತುತ್ತವೆ, ಬಯಲಲ್ಲಿ ಓಡುತ್ತವೆ, ಇಳಿಜಾರಿನಲ್ಲೂ ಒಂದು ಮಟ್ಟಕ್ಕೆ ಕೈಬಿಡುವುದಿಲ್ಲ.

ಪೆಟ್ಟಿಗೆ ಬಿಚ್ಚುವ ಮುನ್ನವೇ ಫೋನ್ ಬಂತು.

“ಮುಟ್ಟಿತೇನವ್ವಾ ನನ್ನ ಕೂಸು?”

ನಮ್ಮ ಕೋಚ್ ಸರ್. ಕುಷ್ಟಗಿಯಲ್ಲಿ ಸಾಲಿ ಕಲಿಯುವಾಗ ನನ್ನನ್ನು ರೇಸಿಂಗ್ ಸೈಕಲ್ಲಿಗೆ ಹತ್ತಿಸಿದವರು. ಹೆಣ್ಣುಮಗಳು ಚಡ್ಡಿ ಹಾಕಿಕೊಂಡು ರಸ್ತೆಯ ಮೇಲೆ ಸೈಕಲ್ ಹೊಡೆಯುವುದು ಬೇಡವೆಂದು ಅಪ್ಪ ಹಟ ಹಿಡಿದಾಗ ನಮ್ಮ ಮನೆಯ ಕಟ್ಟೆಯ ಮೇಲೆ ಸಂಜೆಯವರೆಗೂ ಕೂತು ಒಪ್ಪಿಸಿ ಎದ್ದವರು. ನಿವೃತ್ತಿಯಾದ ಮೇಲೆ ಇಬ್ಬರು ಪಾಲುದಾರರ ಜೊತೆ ಸೇರಿ ಈ ಸೈಕಲ್ ಕಟ್ಟಿಸಿದ್ದರು. ಚೌಕಟ್ಟಿನ ಒಂದೊಂದು ಕೋನವೂ ಅವರದೇ ವಿಚಾರ.

“ಮುಟ್ಟೈತ್ರಿ ಸರ್” ಎಂದೆ. “ಆದ್ರ ನಾ ಎಲ್ಲಾದಕ್ಕೂ ಒಂದ ಅಳತಿ ಹಿಡಿತೀನ್ರಿ.”

“ಹಿಡಿಬೇಕ. ಇಲ್ಲಂದ್ರ ನಿನಗ ಯಾಕ ಕಳಸ್ತಿದ್ದೆ?” ಎಂದರು. ಆ ಮಾತಿನಲ್ಲಿ ಸಲಿಗೆಯಿತ್ತು. ನನಗೆ ಸಲಿಗೆಯೇ ಭಾರವೆನಿಸಿತು. ಸಂಪಾದಕರಿಗೆ ಈ ನಂಟನ್ನು ಮೊದಲೇ ತಿಳಿಸಿದ್ದೆ. ಅವರು, “ಆ ಕಲ್ಲುದಾರಿ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ, ಇನ್ನೊಬ್ಬ ಸವಾರನನ್ನು ಇಟ್ಟುಕೊಂಡು ಮಾಡಿ” ಎಂದಿದ್ದರು.

ಆ ಇನ್ನೊಬ್ಬ ಸವಾರರಾಗಿ ನಾನು ಕರೆದದ್ದು ಯಲಬುರ್ಗಾದ ಲೈನ್‌ಮನ್ ಅಣ್ಣನನ್ನು. ಅವರೂ ಇದೇ ಕೋಚ್ ಸರ್ ಕೈಯಲ್ಲಿ ಪಳಗಿದವರು, ನನಗಿಂತ ಐದಾರು ವರ್ಷ ಹಿರಿಯರು. ರೇಸು ಬಿಟ್ಟು ವಿದ್ಯುತ್ ಕಂಬ ಹತ್ತುವ ಸರ್ಕಾರಿ ನೌಕರಿ ಹಿಡಿದಿದ್ದರೂ ರಜೆಯ ದಿನ ಸೈಕಲ್ ಬಿಡುತ್ತಿರಲಿಲ್ಲ. ನಾನು ತೆಳ್ಳಗಿನ ಹೆಂಗಸು. ಅವರು ಎತ್ತರದ, ದಪ್ಪ ಮೂಳೆಯ ಆಳು. ಹಗುರ ಸವಾರಳಿಗೆ ಸರಿ ಕಂಡದ್ದು ತೂಕದ ಸವಾರನ ಕೆಳಗೆ ಬೇರೆಯಾಗಿಯೇ ನಡೆದುಕೊಳ್ಳುತ್ತದೆ. ಅದಕ್ಕೇ ಅವರು ಬೇಕಾಗಿದ್ದರು.

ಮೊದಲು ಬಯಲು. ಬೇವೂರಿನ ಕಡೆಯ ಎರೆಹೊಲಗಳ ನಡುವಿನ ಬಂಡಿದಾರಿಯಲ್ಲಿ ಮೂರನ್ನೂ ಸರದಿಯ ಮೇಲೆ ಓಡಿಸಿದೆವು. ಕಡಲೆ ಕೊಯ್ಲಿಗೆ ಬಂದಿತ್ತು. ಗಾಲಿಯ ಜಾಡುಗಳು ಒಣಗಿ ಕಲ್ಲಿನಂತಾಗಿದ್ದವು. ಒಂದನೇ ಸೈಕಲ್ಲು ಭಾರ. ಎತ್ತಿನಂತೆ ನಿಧಾನಕ್ಕೆ, ಆದರೆ ಎಲ್ಲಿಗೂ ಹೆದರದೆ ಹೋಗುತ್ತಿತ್ತು. ಎರಡನೆಯದು ಹಗುರ, ಪೆಡಲಿಗೆ ತಕ್ಷಣ ಓಗೊಡುತ್ತಿತ್ತು, ಆದರೆ ಗಟ್ಟಿ ಜಾಡಿನಲ್ಲಿ ಮುಂಗಾಲಿ ಕುಣಿದು ಅಂಗೈ ಉರಿಸುತ್ತಿತ್ತು. ಹೊಸದು ಎರಡನ್ನೂ ಮೀರಿಸಿತು. ಏರಿನಲ್ಲಿ ಹಿಂಗಾಲಿ ನೆಲವನ್ನು ಬಿಡಲೇ ಇಲ್ಲ. ಕೂತ ಭಂಗಿಯೂ ನಮ್ಮ ಕಡೆಯವರ ಮೈಕಟ್ಟಿಗೆ ಹೊಲಿಸಿದಂತಿತ್ತು.

ಅಣ್ಣ ಬೆವರು ಒರೆಸಿಕೊಳ್ಳುತ್ತಾ, “ಮುದುಕ ಮಾಡ್ಯಾನ ನೋಡು!” ಎಂದರು. ನನಗೂ ಎದೆಯುಬ್ಬಿತು. ಎದೆ ಉಬ್ಬಿದ್ದು ಗೊತ್ತಾದ ಕೂಡಲೇ ಒಂಥರಾ ಕಳ್ಳಮನಸ್ಸೂ ಶುರುವಾಯಿತು. ನಾನು ಅಲ್ಲಿ ಹೆಮ್ಮೆಪಡುವುದಕ್ಕೆ ಬಂದವಳಲ್ಲ.

ಆಮೇಲೆ ಹನುಮನಹಳ್ಳಿ. ಅಂಜನಾದ್ರಿಗೆ ಬರುವ ಭಕ್ತರ ದಾರಿಯಿಂದ ದೂರ, ಕುರಿ ಕಾಯುವವರ ಕಾಲುದಾರಿಯೊಂದು ಬಂಡೆಗಳ ಸಂದಿಯಲ್ಲಿ ಏರಿ ಇನ್ನೊಂದು ಮಗ್ಗುಲಲ್ಲಿ ಗದ್ದೆಗಳಿಗೆ ಇಳಿಯುತ್ತದೆ. ಇಳಿಯುವಲ್ಲಿ ಆನೆಯ ಬೆನ್ನಿನಂಥ ಹಾಸುಬಂಡೆ, ಅದರ ತುದಿಗೆ ಮಂಡಿಯೆತ್ತರದ ಒಂದು ಜಿಗಿತ, ಜಿಗಿದ ತಕ್ಷಣ ಎಡಕ್ಕೆ ತಿರುವು. ಸೈಕಲ್ಲಿನ ಗುಟ್ಟೆಲ್ಲ ಆ ತಿರುವಿನಲ್ಲಿ ಹೊರಬೀಳುತ್ತದೆ.

ಮೊದಲ ಸಲ ನಾನೊಬ್ಬಳೇ ಮೂರನ್ನೂ ಇಳಿಸಿ ನೋಡಿದೆ. ಭಾರದ ಸೈಕಲ್ಲು ಅಲ್ಲಿ ರಾಜ. ಹಗುರದ್ದು ಜಿಗಿದ ಮೇಲೆ ಗಡಗಡಿಸಿದರೂ ಹೇಳಿದ ಕಡೆಗೆ ತಿರುಗಿತು. ಹೊಸದರಲ್ಲಿ ಜಿಗಿದಾಗ ಹಿಂದಿನಿಂದ ‘ಕಿರ್’ ಎಂದಿತು. ತಿರುವಿನಲ್ಲಿ ಹಿಂಗಾಲಿ ಒಂದು ಕ್ಷಣ ತಡವಾಗಿ ಬಂದಂತೆ ಅನ್ನಿಸಿತು. ನಾನು ತಿರುಗಿಯಾಗಿತ್ತು, ಅದು ಇನ್ನೂ ನೆಟ್ಟಗೇ ಹೋಗುವ ವಿಚಾರದಲ್ಲಿತ್ತು.

ಆ ಸಂಜೆ ಗಂಗಾವತಿಯಲ್ಲಿ ನಾನು ಇಳಿದುಕೊಂಡಿದ್ದ ತಂಗಿಯ ಮನೆಯ ಅಂಗಳದಲ್ಲಿ ಹೊಸ ಸೈಕಲ್ಲನ್ನು ತಲೆಕೆಳಗು ಮಾಡಿಕೊಂಡು ಕೂತೆ. ಹಿಂಗಾಲಿಯ ಚೌಕಟ್ಟನ್ನು ಮುಂದಿನ ಚೌಕಟ್ಟಿಗೆ ಜೋಡಿಸುವ ಕೀಲಿನ ದೊಡ್ಡ ಬೋಲ್ಟನ್ನು ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ, ಬಿಗಿತ ಸಾಕಾದಾಗ ‘ಟಿಕ್’ ಎನ್ನುವ ಟಾರ್ಕ್ ವ್ರೆಂಚಿನಲ್ಲಿ ಕಂಪನಿ ಹೇಳಿದಷ್ಟೇ ಬಿಗಿದೆ. ಕುಲುಕು ತಡೆಯುವ ಶಾಕಿನ ಗಾಳಿಯನ್ನು ಏರಿಸಿ, ಇಳಿಸಿ, ಮತ್ತೆ ಏರಿಸಿದೆ. ಅಣ್ಣ ಕಟ್ಟೆಯ ಮೇಲೆ ಮಂಡಕ್ಕಿ ಮೆಲ್ಲುತ್ತಾ ನೋಡುತ್ತಿದ್ದರು.

“ಇದಕ್ಕ ಇಷ್ಟು ಉಪಚಾರ ಮಾಡಾಕತ್ತೀದಿ. ಉಳಿದ ಎರಡು ಏನು ಮಲಮಕ್ಕಳೇನು ತಂಗಿ?”

ನಗುತ್ತಲೇ ಅಂದರು. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಹಗುರ ಸೈಕಲ್ಲಿನ ಗಡಗಡವನ್ನು ನಾನು ಅದರ ಗುಣವೆಂದು ಬರೆದುಕೊಂಡಿದ್ದೆ. ಹೊಸದರ ಕಿರ್ ಸದ್ದನ್ನು ಮಾತ್ರ ಕಾಯಿಲೆಯೆಂದು ತಿಳಿದು ಔಷಧಿ ಮಾಡಲು ಕೂತಿದ್ದೆ.

ಮಾರನೆಯ ಬೆಳಿಗ್ಗೆ ಹೊಸ ಕಟ್ಟಳೆ ಮಾಡಿದೆ. ಮೂರಕ್ಕೂ ಒಂದೇ ಟೈರು, ಒಂದೇ ಗಾಳಿ. ಸವಾರ ಕೂತಾಗ ಶಾಕು ಎಷ್ಟು ತಗ್ಗಬೇಕೋ ಅಷ್ಟು, ಇಬ್ಬರಿಗೂ ಬೇರೆ ಬೇರೆಯಾಗಿ ಹೊಂದಿಸಿದ್ದು. ಹೆಸರುಗಳ ಮೇಲೆ ಕಪ್ಪು ಟೇಪು. ಪರೀಕ್ಷೆ ಮುಗಿಯುವತನಕ ಯಾವುದಕ್ಕೂ ವ್ರೆಂಚು ಮುಟ್ಟಿಸುವಂತಿಲ್ಲ. ಒಬ್ಬರಿಗೆ ಅನಿಸಿದ್ದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ಇಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರ ಮೈಗೆ ಹತ್ತುತ್ತದೆ. ಅಣ್ಣ ಕೂಡಲೇ ಒಪ್ಪಿದರು. ಅದು ನಮ್ಮ ಕೆಲಸದಲ್ಲಿ ಎಲ್ಲರೂ ಒಪ್ಪುವ ಪದ್ಧತಿಯೇ.

ಕಟ್ಟಳೆಯ ಮೊದಲ ದಿನವೂ ಬಂಡೆಯ ಮೇಲೆ ನಾನೊಬ್ಬಳೇ ಮೂರನ್ನೂ ಓಡಿಸಿದೆ. ಅಣ್ಣನಿಗೆ ಡ್ಯೂಟಿಯಿತ್ತು. ಹೊಸದರ ಸದ್ದು ಅಡಗಿತ್ತು. ಆದರೆ ಕೊನೆಯ ಇಳಿತದಲ್ಲಿ, ಬಿಸಿಲು ಬಂಡೆಗಳ ಹಿಂದೆ ಸರಿಯುತ್ತಿದ್ದಾಗ, ಅದೇ ತಿರುವಿನಲ್ಲಿ ಹಿಂಗಾಲಿ ಮತ್ತೆ ತಡ ಮಾಡಿತು. ಮೊದಲಿನಷ್ಟಲ್ಲ, ಚೂರೇ ಚೂರು. ಇಳಿದು ಬೋಲ್ಟನ್ನು ನೋಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ವ್ರೆಂಚು ಬೆನ್ನಚೀಲದಲ್ಲೇ ಇತ್ತು. ತೆಗೆಯಲು ಕೈ ಹಾಕಿ, ಮತ್ತೆ ಇದೊಂದಕ್ಕೇ ಉಪಚಾರವಾಯಿತು ಎಂದು ಕೈ ಹಿಂದೆ ತೆಗೆದುಕೊಂಡೆ. ಕಟ್ಟಳೆ ಎಂದರೆ ಕಟ್ಟಳೆ. ಆ ಹೊತ್ತಿನಲ್ಲಿ ನಾನು ಬಹಳ ನ್ಯಾಯವಂತೆ ಎಂದು ನನಗೇ ಅನಿಸಿತ್ತು.

ಮರುದಿನ ಬೆಳಕು ಹರಿಯುವಾಗಲೇ ಅಣ್ಣ ಮೋಟಾರ್ ಬೈಕಿನಲ್ಲಿ ಬಂದರು. ಭಾರದ ಸೈಕಲ್ಲನ್ನು ಓಡಿಸಿದರು, ಹಗುರದ್ದನ್ನು ಓಡಿಸಿದರು. ಹೊಸದನ್ನು ಅವರ ಕೈಗೆ ಕೊಟ್ಟಾಗ ‘ಆ ತಿರುವಿನಲ್ಲಿ ಹುಷಾರು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ, ಅವರ ಅಭಿಪ್ರಾಯಕ್ಕೆ ಬೆಲೆಯಿರುವುದಿಲ್ಲ. ನುಂಗಿಕೊಂಡೆ.

ನಾನು ತಿರುವಿನ ಪಕ್ಕದ ಬಂಡೆಯ ಮೇಲೆ ನಿಂತಿದ್ದೆ. ಮೊದಲ ಇಳಿತ ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಿ ಹಾಸುಬಂಡೆಯ ಮೇಲೆ ಅವರು ಪೂರಾ ವೇಗದಲ್ಲಿ ಬಂದರು, ಬ್ರೇಕು ಬಿಟ್ಟು. ಜಿಗಿದರು. ಗಾಲಿ ನೆಲಕ್ಕೆ ಬಡಿದಾಗ ಹಿಂದಿನ ಚೌಕಟ್ಟು ಪಕ್ಕಕ್ಕೆ ತಿರುಚಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ. ಟೈರು ಚೌಕಟ್ಟಿಗೆ ಒತ್ತಿ ಗಾಲಿ ನಿಂತೇಹೋಯಿತು. ಸೈಕಲ್ಲು ಅಡ್ಡಬಿತ್ತು. ಅವರು ಬಲಗೈ ಮುಂದೆ ಚಾಚಿ ಬಂಡೆಯ ಮೇಲೆ ಬಿದ್ದರು.

ಓಡಿಹೋದೆ. ಎದ್ದು ಕೂತಿದ್ದರು. ಮಣಿಕಟ್ಟು ಎಲ್ಲಿ ಮಡಚಬಾರದೋ ಅಲ್ಲಿ ಮಡಚಿತ್ತು.

“ಏನೂ ಆಗಿಲ್ಲ, ಏನೂ ಆಗಿಲ್ಲ” ಎನ್ನುತ್ತಿದ್ದವರು ಕೈ ನೋಡಿಕೊಂಡರು. ಆಮೇಲೆ, “ಬಲಗೈ ಐತಲ್ಲ ತಂಗಿ ಇದು” ಎಂದರು.

ಕಂಬ ಹತ್ತುವವರ ಬಲಗೈ.

ಗಂಗಾವತಿಯ ಆಸ್ಪತ್ರೆಯಲ್ಲಿ ಎರಡು ಕಡೆ ಮುರಿದಿದೆ, ಪ್ಲೇಟು ಹಾಕಬೇಕು, ನರಕ್ಕೂ ಪೆಟ್ಟಾಗಿರಬಹುದು ಎಂದರು. ಮಧ್ಯಾಹ್ನದ ಬಸ್ಸಿಗೆ ಅವರ ಹೆಂಡತಿ ಯಲಬುರ್ಗಾದಿಂದ ಬಂದರು. ಅಳಲಿಲ್ಲ. ಗಂಡನನ್ನು ದಾದಿಯರು ಒಳಗೆ ಕರೆದುಕೊಂಡು ಹೋದ ಮೇಲೆ ನನ್ನ ಪಕ್ಕದ ಬೆಂಚಿನ ಮೇಲೆ ಕೂತು ಕೇಳಿದರು:

“ಅಕ್ಕಾರ, ಆ ಸೈಕಲ್ಲು ಛಲೋ ಇಲ್ಲ ಅಂತ ನಿಮಗ ಮೊದ್ಲ ಗೊತ್ತಿತ್ತೇನ್ರಿ?”

ಇಲ್ಲ ಎನ್ನಬಹುದಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

“ಗೊತ್ತಿರಲಿಲ್ರಿ. ಅನುಮಾನ ಇತ್ತು.”

“ಅನುಮಾನ ಇದ್ದಿದ್ದು ಅವರಿಗೆ ಹೇಳಿದ್ರೇನ್ರಿ?”

“ಇಲ್ರಿ.”

ಅವರು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವರು ಬೈಯಲಿಲ್ಲ. ಎದ್ದು ಎದುರಿನ ಬೆಂಚಿಗೆ ಹೋಗಿ ಕೂತರು.

ಸಂಜೆ ಸೈಕಲ್ಲನ್ನು ಪರೀಕ್ಷಿಸಿದೆ. ಕೀಲಿನ ಬೋಲ್ಟು ಅರ್ಧ ಹೊರಗೆ ಬಂದಿತ್ತು. ಆ ಬೋಲ್ಟನ್ನು ಬಿಚ್ಚಿ ಕೂಡಿಸಿದ್ದು ಇದೇ ಕೈ. ವ್ರೆಂಚು ‘ಟಿಕ್’ ಎಂದಿದ್ದು ನೆನಪಿತ್ತು. ಆದರೆ ಆ ಟಿಕ್ ಇದೇ ಬೋಲ್ಟಿನದೋ, ಪಕ್ಕದ್ದರದೋ? ಎಷ್ಟು ನೆನಪಿಸಿಕೊಂಡರೂ ಖಾತ್ರಿಯಾಗಲಿಲ್ಲ. ಗ್ರೀಸ್ ಹಚ್ಚಿದ್ದೇ ತಪ್ಪಾಯಿತೋ? ಹಚ್ಚಲೇಬಾರದ ಕಡೆ ಹಚ್ಚಿದೆನೋ?

ಕೋಚ್ ಸರ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಮೊದಲು ಅವರು ಕೇಳಿದ್ದು ಅಣ್ಣನ ಕೈಯ ಬಗ್ಗೆ. ಬೋಲ್ಟಿನ ಮಾತು ಬಂದಾಗ ಅವರ ದನಿ ಬದಲಾಯಿತು.

“ನೀ ಬಿಚ್ಚಿದ್ದೇನು?”

“ಹೂಂ ರಿ. ಸದ್ದು ಬರ್ತಿತ್ತು ಅಂತ...”

“ನೀ ಬಿಚ್ಚೀದಿ, ನೀನ ಸಡಿಲ ಬಿಟ್ಟೀದಿ. ನನ್ನ ಸೈಕಲ್ಲಿನ ಮ್ಯಾಲೆ ಹಾಕಬ್ಯಾಡ. ಎಷ್ಟು ಮಂದಿ ಹೊಟ್ಟಿ ಐತಿ ಅದರ ಮ್ಯಾಲೆ, ಗೊತ್ತೇನು ನಿನಗ?”

ಅವರು ನನ್ನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಅವರು ಹೇಳಿದ್ದು ಸರಿಯಿರಬಹುದಾಗಿತ್ತು.

ಸಂಪಾದಕರು ಮಾತ್ರ ನಿರಾಳರಾಗಿದ್ದರು. “ಪರೀಕ್ಷೆಯಲ್ಲಿ ಕೀಲು ಸಡಿಲವಾಯಿತು ಎಂದು ಒಂದು ಸಾಲು ಬರೆದು ಮೂರನೇ ಸ್ಥಾನ ಕೊಡಿ. ಯಾರು ಬಿಗಿದರು ಎಂದು ಓದುಗರಿಗೇಕೆ?” ಎಂದರು. ಆ ಸಾಲು ಸುಳ್ಳಲ್ಲ. ಆದರೆ ತಪ್ಪು ನನ್ನ ಕೈಯದಾಗಿದ್ದರೆ, ಅಣ್ಣನ ಕೈ ಮುರಿದದ್ದರ ಜೊತೆಗೆ ಸರ್ ಅವರ ಶೆಡ್ಡನ್ನೂ ನಾನೇ ಮುಚ್ಚಿಸಿದಂತಾಗುತ್ತಿತ್ತು. ತಪ್ಪು ಸೈಕಲ್ಲಿನದಾಗಿದ್ದು ನಾನು ನನ್ನ ತಲೆಗೇ ಕಟ್ಟಿಕೊಂಡು ಸುಮ್ಮನಾದರೆ, ಅದನ್ನು ಕೊಳ್ಳುವ ಮುಂದಿನವರು ಯಾವ ಬಂಡೆಯ ಮೇಲೆ ಬೀಳುತ್ತಾರೋ. ಎರಡರಲ್ಲಿ ಯಾವುದೆಂದು ತಿಳಿಯದೆ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು ಸಂಪಾದಕರಿಗೆ ಹೇಳಿದೆ. ಅವರು ಗೊಣಗಿದರು, ಆದರೆ ಸಮಯ ಕೊಟ್ಟರು.

ಸರ್‌ಗೆ ಮತ್ತೆ ಫೋನ್ ಹಚ್ಚಿದೆ. “ಇನ್ನೊಂದು ಸೈಕಲ್ಲು ಕಳಸ್ರಿ. ಎಲ್ಲಾ ಬೋಲ್ಟು ನೀವ ಬಿಗೀರಿ. ಬಿಗಿದು ಬಣ್ಣದ ಗೆರಿ ಎಳೀರಿ. ನಾ ಒಂದಕ್ಕೂ ಕೈ ಹಚ್ಚಂಗಿಲ್ಲ.”

ಬೋಲ್ಟಿನ ತಲೆಯಿಂದ ಚೌಕಟ್ಟಿನವರೆಗೆ ಒಂದೇ ಗೆರೆ ಎಳೆದರೆ, ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಸರ್, “ಕಳಸಂಗಿಲ್ಲ. ನಾನ ತರತೀನಿ” ಎಂದರು.

ವ್ಯಾನಿನ ಹಿಂದೆ ಸೈಕಲ್ಲು ಕಟ್ಟಿಕೊಂಡು ಬಂದಿಳಿದ ಸರ್ ನನ್ನ ಮುಖ ನೋಡಲಿಲ್ಲ. ಗೆರೆಗಳನ್ನು ತೋರಿಸಿದರು. ಬಿಳಿಯ, ನೆಟ್ಟಗಿನ, ಒಣಗಿದ ಗೆರೆಗಳು. ಅಣ್ಣನ ತೂಕಕ್ಕೆ ಸರಿಯಾಗಲೆಂದು ನಾನು ಬೆನ್ನಚೀಲದಲ್ಲಿ ಉಸುಕಿನ ಪೊಟ್ಟಣಗಳನ್ನು ತುಂಬಿ, ಎದೆಗೂ ಸೊಂಟಕ್ಕೂ ಬಿಗಿಯಾಗಿ ಕಟ್ಟಿಕೊಂಡೆ. ಸರ್ ಅದನ್ನು ನೋಡಿ, “ಇದನ್ನ ಹೊತ್ಕೊಂಡು ಜಿಗಿತೀಯೇನು?” ಎಂದರು. ಅದು ಬೇಡವೆನ್ನುವ ದನಿಯೋ, ಅಂಜಿಕೆಯೋ ಗೊತ್ತಾಗಲಿಲ್ಲ.

“ಈಗ ನನಗ ಏನ ಆಗಬಹುದು ಅಂತ ಗೊತ್ತೈತ್ರಿ ಸರ್. ನಿಧಾನಕ್ಕ ಬರ್ತೀನಿ. ಪ್ರತಿ ಸಲ ಗೆರಿ ನೋಡೂಣು. ಗೆರಿ ಮುರಿದ ಕೂಡಲೆ ನಿಲ್ಲಸೂಣು.”

ಇಳಿದೆ. ಬ್ರೇಕು ಅದುಮಿ ಹಿಡಿದಿದ್ದೆ. ಉಸುಕಿನ ಭಾರ ಜಿಗಿತದಲ್ಲಿ ನನ್ನನ್ನು ಮುಂದಕ್ಕೆ ನೂಕಿತು. ಗೆರೆ ನೆಟ್ಟಗಿತ್ತು. ಮತ್ತೆ ಏರಿದೆ, ಮತ್ತೆ ಇಳಿದೆ. ಗೆರೆ ನೆಟ್ಟಗೇ ಇತ್ತು. ಪ್ರತಿ ಸಲವೂ ಸರ್ ಬಗ್ಗಿ ನೋಡಿ, ಸೆಟೆದು ನಿಂತು, “ನೋಡು” ಎನ್ನುತ್ತಿದ್ದರು. ಗೆರೆ ಮುರಿಯದಿದ್ದರೆ ತಪ್ಪು ನನ್ನದೆಂದು ಖಾತ್ರಿಯಾಗುತ್ತಿತ್ತು. ಮುರಿದರೆ ಇವರ ಬದುಕು ಮುರಿಯುತ್ತಿತ್ತು. ಏರು ಹತ್ತುವಾಗ ನಾನು ಯಾವುದನ್ನು ಬಯಸುತ್ತಿದ್ದೇನೆ ಎಂದು ಕೇಳಿಕೊಂಡೆ. ಮುರಿಯಲಿ ಎಂದೇ ಬಯಸುತ್ತಿದ್ದೆ. ನನ್ನ ಕೈ ಶುದ್ಧವಾಗಲೆಂದು ಗುರುವಿನ ಕೈ ಕೆಡಲಿ ಎಂದು. ಅದು ಗೊತ್ತಾದಾಗ ಪೆಡಲು ತುಳಿಯುವುದನ್ನು ನಿಲ್ಲಿಸಿದೆ. ಇಳಿದು ಸೈಕಲ್ಲನ್ನು ನೂಕಿಕೊಂಡೇ ಮೇಲಕ್ಕೆ ಹೋದೆ.

ಬಿಸಿಲು ಏರಿದ ಮೇಲಿನ ಒಂದು ಇಳಿತದಲ್ಲಿ ತಿರುವಿನ ಹೊತ್ತಿಗೆ ಹಿಂಗಾಲಿ ತಡ ಮಾಡಿತು. ಅಲ್ಲೇ ನಿಲ್ಲಿಸಿದೆ.

ಸರ್ ಮಂಡಿಯೂರಿದರು. ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡರು. ಹೆಬ್ಬೆರಳಿನಿಂದ ಧೂಳು ಒರೆಸಿದರು. ಮತ್ತೆ ಒರೆಸಿದರು.

“ಸರಿದೈತಿ” ಎಂದರು.

ತಮ್ಮ ವ್ರೆಂಚಿನಿಂದ ತಾವೇ ಬಿಗಿದ ಬೋಲ್ಟು. ಜಿಗಿತದಲ್ಲಿ ಕೀಲು ತಿರುಚಿದಾಗಲೆಲ್ಲ ಅದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು; ನನ್ನಂಥ ಹಗುರ ಸವಾರರ ಕೆಳಗೆ ಚೂರು ಚೂರಾಗಿ, ಭಾರದ ಸವಾರನ ಕೆಳಗೆ ಬೇಗ. ಹಗುರ ಸವಾರರನ್ನು ಇಟ್ಟುಕೊಂಡೇ, ಇಂಥ ಜಿಗಿತವಿಲ್ಲದ ದಾರಿಯಲ್ಲಿ, ಅವರು ಹುಬ್ಬಳ್ಳಿಯಲ್ಲಿ ಪರೀಕ್ಷೆ ಮುಗಿಸಿದ್ದರಂತೆ, ಯಾರ ಕೈಗೂ ಅದು ಸಿಕ್ಕಿರಲಿಲ್ಲ. ಅವರು ಬಂಡೆಯ ಮೇಲೆ ಕೂತರು. ನಾನು ಚೀಲ ಬಿಚ್ಚಿ ನೀರು ಕೊಟ್ಟೆ. ಕುಡಿಯಲಿಲ್ಲ.

“ಅವತ್ತು ಫೋನಿನ್ಯಾಗ ನಿನಗ ಏನೇನೋ ಅಂದೆ” ಎಂದರು.

“ಇರ್ಲಿ ಬಿಡ್ರಿ ಸರ್.”

“ಇರಲಿ ಅನಬ್ಯಾಡ. ಬರಿ. ಏನ ಐತಿ ಅದನ್ನ ಬರಿ. ಏರು ಹತ್ತೂದು ಛಲೋ ಐತಲ್ಲ, ಅದನ್ನೂ ಬರಿ.”

ಬರೆದೆ. ಏರಿನಲ್ಲಿ ಮೂರರೊಳಗೆ ಇದೇ ಮೇಲು, ಬಯಲಿನಲ್ಲೂ ಇದೇ; ಆದರೆ ಕೀಲನ್ನು ಬದಲಿಸುವವರೆಗೆ ಯಾರೂ ಇದನ್ನು ಕೊಳ್ಳಬಾರದು ಎಂದು ಬರೆದೆ. ನಾನು ಬೋಲ್ಟು ಬಿಚ್ಚಿದ್ದನ್ನು, ಅನುಮಾನವಿದ್ದೂ ಸವಾರನಿಗೆ ಹೇಳದೆ ಇದ್ದದ್ದನ್ನು ಬರೆದೆ. ಆ ಕೊನೆಯ ವಾಕ್ಯವನ್ನು ಸಂಪಾದಕರು ತೆಗೆಯಬೇಕೆಂದರು. ಅದು ಉಳಿಯಲೇಬೇಕೆಂದು ಪಟ್ಟು ಹಿಡಿದೆ. ಸರ್ ಮಾರಾಟಕ್ಕೆ ಸಿದ್ಧವಿದ್ದ ಸೈಕಲ್ಲುಗಳನ್ನೆಲ್ಲ ತಡೆಹಿಡಿದರು. ಪಾಲುದಾರರಲ್ಲಿ ಒಬ್ಬರು ಬಿಟ್ಟುಹೋದರು. ಹೊಸ ಕೀಲಿನ ಕೆಲಸ ಇನ್ನೂ ನಡೆದಿದೆ ಎಂದು ಕೇಳಿದ್ದೇನೆ. ಸರ್ ಈಗಲೂ ಫೋನ್ ಮಾಡುತ್ತಾರೆ, ಮೊದಲಿನಷ್ಟು ಅಲ್ಲ.

ಬೋಲ್ಟಿನ ತಪ್ಪು ನನ್ನದಲ್ಲ ಎಂದು ಸಾಬೀತಾದ ಮೇಲೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಬೋಲ್ಟಿನ ಭಾರ ಇಳಿದ ಮೇಲೆ ಉಳಿದದ್ದು ಬಾಯಿ ಮುಚ್ಚಿಕೊಂಡದ್ದರ ಭಾರ. ಅದಕ್ಕೆ ಪಾಲುದಾರರಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿ ತಿಂಗಳುಗಳಾದ ಮೇಲೆ ಯಲಬುರ್ಗಾಕ್ಕೆ ಹೋದೆ. ಅಣ್ಣನನ್ನು ಆಫೀಸಿನಲ್ಲಿ ದೂರಿನ ಫೋನು ತೆಗೆದುಕೊಳ್ಳಲು ಕೂಡಿಸಿದ್ದರು. ಊಟದ ಬಿಡುವಿನಲ್ಲಿ ಆಫೀಸಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋದರು. ಅಲ್ಲಿ ತಂತಿಯಿಲ್ಲದ ಒಂದು ಕಂಬ, ಅದಕ್ಕೆ ಒರಗಿಸಿದ ಬಿದಿರಿನ ಏಣಿ. ದಿನಾ ಹತ್ತಿ ಅಭ್ಯಾಸ ಮಾಡುತ್ತಾರಂತೆ. ಬುತ್ತಿ ತಂದಿದ್ದ ಅವರ ಹೆಂಡತಿಯೂ ಬೇವಿನ ನೆರಳಿನಲ್ಲಿ ನಿಂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೇ.

“ಅಣ್ಣಾ, ಅವತ್ತು ನಾ ಹೇಳಬೇಕಿತ್ತು” ಎಂದೆ. ಇಷ್ಟು ದಿನ ಬಾಯಲ್ಲಿಟ್ಟುಕೊಂಡು ತಿರುಗಿದ ಮಾತು.

ಅವರು ಕೈಯನ್ನು ಮುಚ್ಚಿ ತೆರೆದು ನೋಡಿಕೊಂಡರು. “ಹೇಳಿದ್ರೂ ನಾ ಸೈಕಲ್ಲು ಹತ್ತತಿದ್ದೆ ತಂಗಿ. ಹತ್ತೂದು ಬಿಡ್ತಿದ್ನೇನು?” ಎಂದರು. ಏಣಿಯ ಕಡೆ ತಿರುಗಿ, “ಆದ್ರ ಬ್ರೇಕಿನ ಮ್ಯಾಲೆ ಬೆರಳು ಇಟ್ಕೊಂತಿದ್ದೆ” ಎಂದರು.

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದದ್ದನ್ನು ಇದ್ದಂತೆ ಹೇಳಿದ್ದರು, ನನ್ನಂತೆ ನುಂಗಿಕೊಂಡಿರಲಿಲ್ಲ.

“ಈ ಎರಡು ಬೆರಳಿಗೆ ಇನ್ನೂ ಖಬರಿಲ್ಲ. ಹಿಡದೈತೋ ಬಿಟ್ಟೈತೋ ನನಗ ತಿಳಿಯಂಗಿಲ್ಲ” ಎನ್ನುತ್ತಾ ಏಣಿಗೆ ಕಾಲಿಟ್ಟರು. “ಬಾ, ಬುಡ ಗಟ್ಟಿ ಹಿಡಿ. ಕಣ್ಣು ನನ್ನ ಕೈ ಮ್ಯಾಲೆ ಇರಲಿ. ಸಡಿಲ ಆತಂದ್ರ ಒದರು.”

ಏಣಿಯ ಬುಡ ಹಿಡಿದು ಕತ್ತೆತ್ತಿ ನಿಂತೆ. ಅವರು ಮೊದಲ ಮೆಟ್ಟಿಲು ಹತ್ತಿದರು. ಬೆರಳುಗಳು ಬಿದಿರನ್ನು ಸುತ್ತಿದವು.

“ಹಿಡದೈತಿ ಅಣ್ಣಾ” ಎಂದೆ.

“ಜೋರಾಗಿ ಹೇಳ್ರಿ ಅಕ್ಕಾರ, ಅವರಿಗೆ ಕೇಳಸ್ಬೇಕು” ಎಂದರು ನೆರಳಿನಿಂದ ಅವರ ಹೆಂಡತಿ.

ಇನ್ನೊಂದು ಮೆಟ್ಟಿಲು. ನಾನು ಕೂಗಿ ಹೇಳಿದೆ.